ಟ್ಯೂಬ್ ಆಂಪ್ಲಿಫೈಯರ್ ಅಪ್‌ಗ್ರೇಡ್: ಟ್ಯೂಬ್ ಕೊಳ್ಳುವ ಮುನ್ನ ಮನೆಯ ವೋಲ್ಟೇಜ್ ಅಳೆಯಿರಿ

ಪ್ರಶ್ನೆ: ನಾನು ಉಡುಪಿಯವನು. ಆರು ವರ್ಷದ ಹಿಂದೆ ಚೀನಾದಲ್ಲಿ ತಯಾರಾದ ಟ್ಯೂಬ್ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಒಂದನ್ನು ತರಿಸಿಕೊಂಡೆ. ನಾಲ್ಕು ಇಎಲ್34 ಪವರ್ ಟ್ಯೂಬ್, ಎರಡು 12ಎಎಕ್ಸ್7, ಎರಡು 12ಎಯು7 ಚಿಕ್ಕ ಟ್ಯೂಬ್ ಇವೆ. ಒಂದೊಂದು ಚಾನೆಲ್‌ಗೆ 35 ವ್ಯಾಟ್. ಹಿಂಬದಿಯಲ್ಲಿ 220 ವೋಲ್ಟ್ ಎಂದು ಬರೆದಿದೆ. ಎಲ್‌ಪಿ ಕೇಳಲು ಪ್ರತ್ಯೇಕ ಟ್ಯೂಬ್ ಫೋನೋ ಪ್ರೀಆಂಪ್ ಇದೆ, ಅದರಲ್ಲಿ ಮೂರು 12ಎಎಕ್ಸ್7. ಸ್ಪೀಕರ್ 86 ಡೆಸಿಬಲ್ ಸೆನ್ಸಿಟಿವಿಟಿಯ (ಒಂದು ವ್ಯಾಟಿಗೆ ಎಷ್ಟು ಜೋರು ಎಂಬ ಅಳತೆ) ಬುಕ್‌ಶೆಲ್ಫ್. ಟ್ಯೂಬ್‌ಗಳೆಲ್ಲ ಬಂದಾಗಿನವೇ. ಈಚೆಗೆ ಧ್ವನಿ ಮಂಕಾಗಿದೆ, ಎಡಗಡೆ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ. ಅರವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ಹಳೆಯ ಟ್ಯೂಬ್ ಹಾಕಲೋ, ಇಎಲ್34 ತೆಗೆದು ಕೆಟಿ88 ಹಾಕಲೋ, ಒಳಗಿನ ಕೆಪಾಸಿಟರ್ ಬದಲಿಸಲೋ? ಪರಿಚಯದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬಿಇಎಲ್‌ನ ಹಳೆಯ ಇಸಿಸಿ83 ಇವೆ, ಅವು ಆಗಬಹುದೇ?

ಉತ್ತರ: ನೀವು ಕೊಟ್ಟ ವಿವರಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಹಿಂಬದಿಯ ಆ ‘220 ವೋಲ್ಟ್’. ನಮ್ಮಲ್ಲಿ ಮನೆಗೆ ಬರಬೇಕಾದದ್ದು 230. ಟ್ರಾನ್ಸ್‌ಫಾರ್ಮರಿಗೆ ಹತ್ತಿರವಿರುವ ಮನೆಗಳಲ್ಲಿ, ಊರೆಲ್ಲ ಮಲಗಿದ ಮೇಲೆ, ಮೀಟರ್ 245 ತೋರಿಸುವುದು ಅಪರೂಪವಲ್ಲ. ಸಂಗೀತ ಕೇಳಲು ಕೂರುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ.

ಲೆಕ್ಕ ಹಾಕಿ ನೋಡಿ. 220ಕ್ಕೆ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರಿಗೆ 245 ಕೊಟ್ಟರೆ ಒಳಗಿನ ಎಲ್ಲ ವೋಲ್ಟೇಜುಗಳೂ ಶೇಕಡಾ 11ರಷ್ಟು ಏರುತ್ತವೆ. ಟ್ಯೂಬಿನೊಳಗೆ ಕ್ಯಾಥೋಡ್ ಎಂಬ ಭಾಗವನ್ನು ಕಾಯಿಸುವ, 6.3 ವೋಲ್ಟ್ ಇರಬೇಕಾದ ಹೀಟರ್ 7 ವೋಲ್ಟಿಗೆ ಬರುತ್ತದೆ. ಹೀಟರ್ ಶೇಕಡಾ 5ರ ಒಳಗೆ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, 10 ಅಂದರೆ ಅಂಚು. ನೀವು ಅಂಚನ್ನೂ ದಾಟಿರುತ್ತೀರಿ. ಕ್ಯಾಥೋಡ್ ಮೇಲಿನ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡಿನ ಲೇಪವೇ ಎಲೆಕ್ಟ್ರಾನುಗಳನ್ನು ಹೊಮ್ಮಿಸುವುದು. ಬಿಸಿ ಹೆಚ್ಚಾದಷ್ಟೂ ಆ ಲೇಪ ಬೇಗ ಸವೆಯುತ್ತದೆ. ಇನ್ನು ಆ ಎಲೆಕ್ಟ್ರಾನುಗಳನ್ನು ಸೆಳೆಯುವ ಪ್ಲೇಟಿಗೆ ಹೋಗುವ ಡಿಸಿ 430 ವೋಲ್ಟ್ ಇರಬೇಕಾದದ್ದಾದರೆ 479 ಆಗುತ್ತದೆ. 450 ವೋಲ್ಟಿನ ಕೆಪಾಸಿಟರ್ ಹಾಕಿದ್ದರೆ ಅದು ದಿನಾ ಮಿತಿ ಮೀರಿ ದುಡಿಯುತ್ತಿರುತ್ತದೆ. ಇಂಥ ಕಡೆ ಮುಲ್ಲಾರ್ಡ್ ತಂದು ಹಾಕಿದರೆ ದುಬಾರಿ ಟ್ಯೂಬ್ ಸವೆಯುತ್ತದೆ, ಅಷ್ಟೇ.

ಆದ್ದರಿಂದ ಹಣ ತೆಗೆಯುವ ಮೊದಲು ಒಂದು ವಾರ ಪ್ಲಗ್ ಪಾಯಿಂಟಿನ ವೋಲ್ಟೇಜ್ ಬರೆದಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಎಲ್ಲರ ಮನೆಯಲ್ಲೂ ದೀಪ, ಮೋಟಾರು ಓಡುವಾಗ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೂರು ಹೊತ್ತೂ 238ರಿಂದ 248ರ ನಡುವೆಯೇ ನಿಂತರೆ ಅಗ್ಗದ ಉಪಾಯವಿದೆ. 230ರ ಪ್ರೈಮರಿ, 24 ವೋಲ್ಟ್ 3 ಆಂಪಿಯರ್ ಸೆಕೆಂಡರಿ ಇರುವ ಮಾಮೂಲಿ ಟ್ರಾನ್ಸ್‌ಫಾರ್ಮರನ್ನು ಬಕಿಂಗ್ ರೀತಿಯಲ್ಲಿ, ಅಂದರೆ ಸೆಕೆಂಡರಿಯ ವೋಲ್ಟೇಜು ಲೈನಿನಿಂದ ಕಳೆಯುವಂತೆ, ಸರಣಿಯಲ್ಲಿ ಜೋಡಿಸಿದರೆ 245 ಹೋಗಿ ಸುಮಾರು 220 ಬರುತ್ತದೆ. ನಿಮ್ಮ ಆಂಪ್ಲಿಫೈಯರ್ ಎಳೆಯುವುದು ಅಂದಾಜು ಒಂದು ಆಂಪಿಯರ್, ಹಾಗಾಗಿ 3 ಆಂಪಿಯರಿನದು ಆರಾಮವಾಗಿ ತಡೆಯುತ್ತದೆ. ತಂತಿ ತಿರುವುಮುರುವಾದರೆ ಕಳೆಯುವ ಬದಲು ಕೂಡಿಬಿಡುತ್ತದೆ, 270 ಬಂದು ಕೂರುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಸಿಕ್ಕಿಸುವ ಮುಂಚೆ ಔಟ್‌ಪುಟ್ ಅಳೆಯಲೇಬೇಕು. ಫ್ಯೂಸ್ ಹಾಕಿ, ಅರ್ತ್ ಕೊಟ್ಟ ಲೋಹದ ಡಬ್ಬಿಯಲ್ಲಿ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಸಂಜೆ 215ಕ್ಕೆ ಇಳಿದು ರಾತ್ರಿ 245ಕ್ಕೆ ಏರುವ ಮನೆಯಾದರೆ ಈ ಉಪಾಯ ಬೇಡ. 215 ಇದ್ದಾಗ ಔಟ್‌ಪುಟ್ 192ಕ್ಕೆ ಬೀಳುತ್ತದೆ, ಹೀಟರಿಗೆ 5.5 ವೋಲ್ಟ್ ಮಾತ್ರ ಸಿಗುತ್ತದೆ; ಕಡಿಮೆ ಬಿಸಿಯೂ ಕ್ಯಾಥೋಡಿಗೆ ಒಳ್ಳೆಯದಲ್ಲ. ಅಲ್ಲಿ 220ಕ್ಕೆ ಹೊಂದಿಸಿದ ಸರ್ವೋ ಸ್ಟೆಬಿಲೈಜರ್, ಅಂದರೆ ಮೋಟಾರಿನಿಂದ ವೋಲ್ಟೇಜನ್ನು ಮೆಲ್ಲಗೆ ಸರಿಹೊಂದಿಸುವಂಥದ್ದು, ಬೇಕು. ರಿಲೇ ಸ್ಟೆಬಿಲೈಜರ್ ಟಕ್ ಟಕ್ ಎಂದು ಮೆಟ್ಟಿಲು ಬದಲಿಸುತ್ತದೆ, ಪ್ರತಿ ಸಲವೂ ಅದರ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಫ್ರಿಜ್ಜಿಗೆ ಅದು ಸರಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ಯೂಬ್ ಆಂಪ್ಲಿಫೈಯರ್ ಓಡಿಸಬೇಡಿ. ಕರಾವಳಿಯಲ್ಲಿ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಇನ್ನು ಟ್ಯೂಬ್‌ಗಳಿಗೆ ಬರೋಣ. ಇಎಲ್34 ಆರು ವರ್ಷ ದುಡಿದಿವೆ. ದಿನಕ್ಕೆ ಎರಡು ಗಂಟೆ ಹಿಡಿದರೂ ನಾಲ್ಕು ಸಾವಿರ ಗಂಟೆ ದಾಟುತ್ತದೆ. ಪವರ್ ಟ್ಯೂಬಿನ ಬಾಳಿಕೆ ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ ಗಂಟೆ. ನಿಮಗೆ ಕೇಳುತ್ತಿರುವ ಮಂಕುತನಕ್ಕೆ ಮೊದಲ ಶಂಕೆ ಇವುಗಳ ಮೇಲೆಯೇ. 12ಎಎಕ್ಸ್7, 12ಎಯು7ಗಳಂಥ ಚಿಕ್ಕ ಟ್ಯೂಬ್‌ಗಳು ಅವುಗಳ ಎರಡು ಮೂರು ಪಟ್ಟು ಬಾಳುತ್ತವೆ. ಅವು ಮುದಿಯಾದವೆಂದು ಒಟ್ಟಿಗೆ ಕಿತ್ತು ಎಸೆಯಬೇಕಾಗಿಲ್ಲ.

ಹೊಸ ಇಎಲ್34 ಕೊಳ್ಳುವಾಗ ನಾಲ್ಕೂ ಮ್ಯಾಚ್ ಆದ ಸೆಟ್ ಕೇಳಿ. ನಿಮ್ಮದು ಪುಷ್‌ಪುಲ್, ಅಂದರೆ ಪ್ರತಿ ಚಾನೆಲ್‌ನಲ್ಲಿ ಎರಡು ಟ್ಯೂಬ್‌ಗಳು ಜೋಡಿಯಾಗಿ, ಒಂದಕ್ಕೊಂದು ವಿರುದ್ಧವಾಗಿ ದುಡಿಯುತ್ತವೆ. ಜೋಡಿಯ ಎರಡು ಟ್ಯೂಬ್‌ಗಳು ಸಮನಾಗಿ ಕರೆಂಟ್ ಎಳೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಅವುಗಳ ಡಿಸಿ ಪರಸ್ಪರ ರದ್ದಾಗುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಎಳೆದರೆ ಉಳಿದ ಡಿಸಿ ಟ್ರಾನ್ಸ್‌ಫಾರ್ಮರಿನ ಕೋರನ್ನು ಒಂದೇ ಕಡೆಗೆ ಕಾಂತೀಯಗೊಳಿಸುತ್ತದೆ, ಮೃದಂಗದ ತೊಪ್ಪಿಯ ಪೆಟ್ಟು ಮೆತ್ತಗಾಗುತ್ತದೆ. ಇನ್ನೊಂದು ಪರಿಣಾಮವೂ ಉಂಟು: ಪವರ್ ಸಪ್ಲೈಯಲ್ಲಿ ಉಳಿದಿರುವ 100 ಹರ್ಟ್ಸ್ ಏರಿಳಿತ ಸಮತೋಲದ ಜೋಡಿಯಲ್ಲಿ ರದ್ದಾಗುತ್ತಿತ್ತು, ಈಗ ಸ್ಪೀಕರಿಗೆ ಬರುತ್ತದೆ. ನಿಮ್ಮ ಎಡಗಡೆಯ ಗುಂಯ್ ಇದೇ ಇರಬಹುದು. ಹಾಗಾಗಿ ಮಂಕುತನ ಮತ್ತು ಹಮ್ (ಆ ಗುಂಯ್ ಸದ್ದು) ಎರಡಕ್ಕೂ ಕಾರಣ ಒಂದೇ ಆಗಿರುವ ಸಾಧ್ಯತೆ ದೊಡ್ಡದು.

ಇದನ್ನು ನೋಡಲು ಬಯಾಸ್, ಅಂದರೆ ಹಾಡಿಲ್ಲದಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟ್, ಅಳೆಯಬೇಕು. ನಿಮ್ಮ ಆಂಪ್ಲಿಫೈಯರಿನ ಮೇಲೆ ಬಯಾಸ್ ಮೀಟರೋ ಟೆಸ್ಟ್ ಪಾಯಿಂಟೋ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಪ್ರತಿ ಇಎಲ್34ನ ಎಂಟನೇ ಪಿನ್, ಅಂದರೆ ಕ್ಯಾಥೋಡ್, ಮತ್ತು ಗ್ರೌಂಡ್ ನಡುವೆ ಸಾಮಾನ್ಯವಾಗಿ 10 ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ಅದರ ಎರಡು ತುದಿಯ ನಡುವಿನ ಮಿಲಿವೋಲ್ಟ್ ಓದಿ ಹತ್ತರಿಂದ ಭಾಗಿಸಿದರೆ ಮಿಲಿಆಂಪಿಯರ್ ಸಿಗುತ್ತದೆ. ಎಷ್ಟಿರಬೇಕು? ಇಎಲ್34ನ ಪ್ಲೇಟ್ ಗರಿಷ್ಠ 25 ವ್ಯಾಟ್ ಶಾಖ ತಡೆಯುತ್ತದೆ. ಅದರ ಶೇಕಡಾ 70, ಅಂದರೆ 17.5 ವ್ಯಾಟಿನಲ್ಲಿ ಇಡುವುದು ವಾಡಿಕೆ. ಪ್ಲೇಟಿನಲ್ಲಿ 430 ವೋಲ್ಟ್ ಇದ್ದರೆ 17.5 ಭಾಗಿಸು 430, ಸುಮಾರು 40 ಮಿಲಿಆಂಪಿಯರ್, ಮೀಟರಿನಲ್ಲಿ 400 ಮಿಲಿವೋಲ್ಟ್. ವೋಲ್ಟೇಜ್ 479 ಇದ್ದ ರಾತ್ರಿ ಅದೇ 17.5 ವ್ಯಾಟಿಗೆ 36 ಮಿಲಿಆಂಪಿಯರ್ ಸಾಕು. ಮೊದಲು ಮನೆಯ ವೋಲ್ಟೇಜ್ ಸರಿಮಾಡಿ ಅಂದದ್ದು ಇದಕ್ಕೇ. ಅದು ಏರಿಳಿಯುತ್ತಿದ್ದರೆ ಇವತ್ತು ಹೊಂದಿಸಿದ ಬಯಾಸ್ ನಾಳೆ ತಪ್ಪಿರುತ್ತದೆ.

ಅಳೆಯುವುದು ಆಂಪ್ಲಿಫೈಯರ್ ಅರ್ಧ ಗಂಟೆ ಬಿಸಿಯಾದ ಮೇಲೆ, ಸ್ಪೀಕರ್ ಜೋಡಿಸಿಕೊಂಡೇ, ಹಾಡು ಹಾಕದೆ. ಸ್ಪೀಕರ್ ಕಳಚಿ ಟ್ಯೂಬ್ ಆಂಪ್ಲಿಫೈಯರಿಗೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು, ಟ್ಯೂಬ್‌ಗಳಿಗಿಂತ ಬೆಲೆಬಾಳುವ ಭಾಗ ಅದು. ನಾಲ್ಕು ಟ್ಯೂಬಿನಲ್ಲಿ ಮೂರು 400ರ ಆಸುಪಾಸು ಇದ್ದು ಒಂದು 280 ತೋರಿಸಿ, ಟ್ರಿಮ್ ಪಾಟ್ (ಬಯಾಸ್ ಹೊಂದಿಸುವ ಪುಟ್ಟ ತಿರುಪು) ಪೂರ್ತಿ ತಿರುಗಿಸಿದರೂ ಮೇಲೇರದಿದ್ದರೆ ಆ ಟ್ಯೂಬಿನ ಆಯುಸ್ಸು ಮುಗಿದಿದೆ. ದೀಪವಾರಿಸಿ ಒಂದು ನಿಮಿಷ ಟ್ಯೂಬ್‌ಗಳನ್ನು ನೋಡಿ. ನಡುವೆ ಕಿತ್ತಳೆ ಬಣ್ಣದ ಹೀಟರ್ ಬೆಳಕು ಸಹಜ. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಹೊಳಪೂ ಸಹಜವೇ. ಬೂದು ಬಣ್ಣದ ಪ್ಲೇಟಿನ ಮೈಮೇಲೆ ಮಂದ ಕೆಂಪು ಕಲೆ ಮೂಡಿದರೆ ಮಾತ್ರ ಆ ಕ್ಷಣವೇ ಸ್ವಿಚ್ ಆಫ್ ಮಾಡಿ. ನೆತ್ತಿಯ ಬಳಿ ಕನ್ನಡಿಯಂತೆ ಬೆಳ್ಳಗೆ ಹೊಳೆಯುವುದು ಗೆಟರ್. ಅದು ಹಾಲಿನ ಬಿಳುಪಿಗೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಅಂಥ ಟ್ಯೂಬನ್ನು ಮತ್ತೆ ಹಚ್ಚಬಾರದು.

ತಳದ ತಟ್ಟೆ ಬಿಚ್ಚಬೇಕಾಗಿ ಬಂದರೆ ಎಚ್ಚರ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ನಾನ್ನೂರು ವೋಲ್ಟ್ ಉಳಿದಿರಬಹುದು, ಜೀವ ತೆಗೆಯಲು ಅಷ್ಟು ಸಾಕು. 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಬೇಕು. ಈ ಕೆಲಸ ಮೊದಲು ಮಾಡಿ ಗೊತ್ತಿಲ್ಲದಿದ್ದರೆ ತಿಳಿದ ಟೆಕ್ನಿಷಿಯನ್ ಕೈಲಿ ಮಾಡಿಸಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಹಮ್ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ಒಂದು ಪೈಸೆ ಬೇಡ. ವಾಲ್ಯೂಮ್ ಸೊನ್ನೆಗೆ ಇಳಿಸಿ. ಗುಂಯ್ ಹಾಗೆಯೇ ಇದ್ದರೆ ದೋಷ ವಾಲ್ಯೂಮ್ ಕಂಟ್ರೋಲಿನ ನಂತರದ ಹಂತಗಳಲ್ಲಿದೆ. ನಿಂತುಹೋದರೆ ಫೋನೋ ಅಥವಾ ಅದರ ವಯರುಗಳಲ್ಲಿ. ನಂತರದ ಹಂತದ್ದಾದರೆ ಆಂಪ್ಲಿಫೈಯರ್ ಆಫ್ ಮಾಡಿ, ತಣ್ಣಗಾದ ಮೇಲೆ ಎಡಗಡೆಯ ಎರಡು ಇಎಲ್34ಗಳನ್ನು ಬಲಗಡೆಯವುಗಳೊಂದಿಗೆ ಅದಲುಬದಲು ಮಾಡಿ, ಬಯಾಸ್ ಮತ್ತೆ ಹೊಂದಿಸಿ. ಹಮ್ ಬಲಕ್ಕೆ ಹೋಯಿತೋ, ಟ್ಯೂಬಿನದು. ಎಡದಲ್ಲೇ ಉಳಿಯಿತೋ, ಚಿಕ್ಕ ಟ್ಯೂಬ್‌ಗಳನ್ನು ಹೀಗೆಯೇ ಅದಲುಬದಲು ಮಾಡಿ. ಆಗಲೂ ಕದಲದಿದ್ದರೆ ಸರ್ಕ್ಯೂಟಿನದು, ರಿಪೇರಿ ಬೇಕು. ಫೋನೋ ಕಡೆಯದಾದರೆ ಟರ್ನ್‌ಟೇಬಲಿನ ತೆಳುವಾದ ಗ್ರೌಂಡ್ ತಂತಿ ಫೋನೋ ಪ್ರೀಆಂಪಿನ ತಿರುಪಿಗೆ ಬಿಗಿಯಾಗಿ ಕೂತಿದೆಯೇ ನೋಡಿ. ಹಮ್ ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಟ್ಯೂಬ್ ಆಂಪ್ಲಿಫೈಯರಿನ ಲೋಹದ ಮೈಗೆ ನಾನ್ನೂರು ವೋಲ್ಟ್ ಸೋರಿದ ದಿನ ಕಾಪಾಡುವುದು ಆ ಪಿನ್ನೊಂದೇ.

ಉಡುಪಿಯ ಮಳೆಗಾಲ ಬಲ್ಲವರಿಗೆ ಇನ್ನೊಂದು ಮಾತು. ಅಷ್ಟು ತೇವದಲ್ಲಿ, ಉಪ್ಪುಗಾಳಿಯಲ್ಲಿ, ಟ್ಯೂಬಿನ ಪಿನ್ನುಗಳು ಮತ್ತು ಸಾಕೆಟ್ಟಿನ ಒಳಬಾಯಿ ಕಪ್ಪಗಾಗುತ್ತವೆ. ಕರಕರ ಸದ್ದು, ಒಮ್ಮೆ ಬಂದು ಒಮ್ಮೆ ಹೋಗುವ ಚಾನೆಲ್, ಕಾರಣವಿಲ್ಲದೆ ಅಲುಗಾಡುವ ಬಯಾಸ್, ಇವುಗಳಲ್ಲಿ ಅರ್ಧಕ್ಕರ್ಧ ಬರೀ ಸಾಕೆಟ್ ಕೊಳೆ. ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ, ಸಣ್ಣ ಬ್ರಶ್ಶನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಪಿನ್ನುಗಳನ್ನು ಉಜ್ಜಿ, ಪೂರ್ತಿ ಒಣಗಿಸಿ, ಟ್ಯೂಬನ್ನು ನಾಲ್ಕೈದು ಸಲ ನೇರವಾಗಿ ಹಾಕಿ ತೆಗೆಯಿರಿ. ಬುಡ ಹಿಡಿದು ನೇರ ಎಳೆಯಬೇಕು. ಅಲ್ಲಾಡಿಸಿ ಕಿತ್ತರೆ ಚಿಕ್ಕ ಟ್ಯೂಬಿನ ಗಾಜು ಪಿನ್ನಿನ ಬುಡದಲ್ಲಿ ಸೀಳುತ್ತದೆ.

ಟ್ಯೂಬ್ ಬದಲಿಸಿದರೆ ಧ್ವನಿ ಬದಲಾಗುತ್ತದೆಯೇ ಎಂದರೆ ಹೌದು, ಬದಲಾಗುತ್ತದೆ. ಆದರೆ ಎಲ್ಲಿ ಬದಲಿಸುತ್ತೀರಿ ಎಂಬುದು ಯಾವ ಹೆಸರಿನ ಟ್ಯೂಬ್ ಎಂಬುದಕ್ಕಿಂತ ದೊಡ್ಡದು. ನಿಮ್ಮ ಇಡೀ ಸಿಸ್ಟಮ್ಮಿನಲ್ಲಿ ಒಂದೇ ಒಂದು ಟ್ಯೂಬಿಗೆ ಧಾರಾಳವಾಗಿ ಖರ್ಚು ಮಾಡಿ ಎಂದು ನಾನು ಹೇಳುವುದಾದರೆ ಅದು ಫೋನೋ ಪ್ರೀಆಂಪಿನ ಮೊದಲ 12ಎಎಕ್ಸ್7ಗೆ.

ಕಾರಣ ಇಷ್ಟೇ. ಎಂಎಂ ಕಾರ್ಟ್ರಿಜ್ (ಟರ್ನ್‌ಟೇಬಲಿನ ಸೂಜಿ ಕೂರುವ, ಚಲಿಸುವ ಆಯಸ್ಕಾಂತವಿರುವ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್. ಫೋನೋ ಅದನ್ನು ನೂರು ಪಟ್ಟು, ಅಂದರೆ 40 ಡೆಸಿಬಲ್, ಹಿಗ್ಗಿಸುತ್ತದೆ. ಅದೂ 1000 ಹರ್ಟ್ಸ್‌ನಲ್ಲಿ. ಎಲ್‌ಪಿ ಕೊರೆಯುವಾಗ ಕೆಳಸ್ಥಾಯಿಯನ್ನು ತಗ್ಗಿಸಿ ಕೊರೆದಿರುತ್ತಾರೆ, ಕೇಳುವಾಗ ಆರ್‌ಐಎಎ ಎಂಬ, ಎಲ್‌ಪಿಗಳಿಗೆಂದೇ ಇರುವ ಲೆಕ್ಕದ ಪ್ರಕಾರ ಅದನ್ನು ಮತ್ತೆ ಎತ್ತಬೇಕು. 50 ಹರ್ಟ್ಸ್‌ನಲ್ಲಿ ಆ ಎತ್ತುವಿಕೆ 17 ಡೆಸಿಬಲ್, ಇನ್ನೂ ಏಳು ಪಟ್ಟು. ನಮ್ಮ ಕರೆಂಟಿನ ಹಮ್ ಕೂಡ 50 ಹರ್ಟ್ಸ್‌ನದೇ. ಹೀಗಾಗಿ ಮೊದಲ ಟ್ಯೂಬಿನ ಒಳಗೆ ಹೀಟರಿನಿಂದ ಕ್ಯಾಥೋಡಿಗೆ ಸೋರಿದ ತೃಣಮಾತ್ರ ಹಮ್ ಏಳುನೂರು ಪಟ್ಟು ಬೆಳೆದು ಸ್ಪೀಕರಿಗೆ ಬರುತ್ತದೆ. ಅದೇ ಟ್ಯೂಬಿನ ಸಣ್ಣ ಸರಸರವೂ ಹಾಗೆಯೇ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಎಲ್‌ಪಿ ಹಾಕಿ, ಹಾಡು ಎತ್ತುವ ಮೊದಲಿನ ತಂಬೂರಿಯನ್ನಷ್ಟೇ ಗಮನವಿಟ್ಟು ಕೇಳಿ. ಝೇಂಕರಿಸುವ ನಾಲ್ಕು ತಂತಿಗಳ ಎಳೆ ಒಂದೊಂದಾಗಿ ಬಿಡಿಸಿಕೊಂಡು ಕೇಳಬೇಕು. ಸರಸರದಲ್ಲಿ ಮುಳುಗಿದ್ದರೆ ಮೊದಲ ಟ್ಯೂಬ್ ಬದಲಿಸುವ ಕಾಲ ಬಂದಿದೆ. ಕಿವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಂಡಿಲ್ಲ.

ಮೂರು ಟ್ಯೂಬಿನ ಫೋನೋಗಳಲ್ಲಿ ಹೆಚ್ಚಾಗಿ ಮೊದಲ ಟ್ಯೂಬಿನ (12ಎಎಕ್ಸ್7 ಎಂದರೆ ಒಂದೇ ಗಾಜಿನೊಳಗೆ ಎರಡು ಟ್ಯೂಬ್ ಇದ್ದಂತೆ) ಒಂದು ಅರ್ಧ ಎಡಕ್ಕೆ, ಇನ್ನೊಂದು ಅರ್ಧ ಬಲಕ್ಕೆ ದುಡಿಯುತ್ತದೆ. ಆದ್ದರಿಂದ ಆ ಜಾಗಕ್ಕೆ ಎರಡೂ ಅರ್ಧ ಸಮನಾಗಿರುವ, ಕಡಿಮೆ ಸದ್ದಿನದೆಂದು ಅಳೆದು ಆರಿಸಿದ ಟ್ಯೂಬ್ ಕೇಳಿ. ಚಿಕ್ಕ ಪ್ಲೇಟಿನದಾದರೆ ಮೇಲು, ಉದಾಹರಣೆಗೆ ಜೆಜೆ ಕಂಪನಿಯ ಇಸಿಸಿ83ಎಸ್. ಉದ್ದ ಪ್ಲೇಟಿನ ಟ್ಯೂಬ್‌ಗಳ ಧ್ವನಿ ಹಲವರಿಗೆ ಇಷ್ಟ, ಆದರೆ ಅವು ಕಂಪನಕ್ಕೆ ಬೇಗ ಸಿಗುತ್ತವೆ. ಪರೀಕ್ಷೆ ಸರಳ: ವಾಲ್ಯೂಮನ್ನು ಮಾಮೂಲಿ ಮಟ್ಟದಲ್ಲಿಟ್ಟು, ಸೂಜಿ ಎತ್ತಿ, ಪೆನ್ಸಿಲ್ಲಿನ ಹಿಂತುದಿಯಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ. ಟಪ್ ಎಂದು ಸತ್ತುಹೋದರೆ ಒಳ್ಳೆಯದು. ಟಿಂಯ್ಯ್ ಎಂದು ಎಳೆದುಕೊಂಡು ಹೋದರೆ ಅದನ್ನು ಆಂಪ್ಲಿಫೈಯರಿಗೆ ಹಾಕಿ, ಫೋನೋಗೆ ಬೇಡ.

ಬಿಇಎಲ್ ಇಸಿಸಿ83 ಖಂಡಿತ ನೋಡಬೇಕಾದ ವಸ್ತು. ಇಸಿಸಿ83 ಎಂದರೂ 12ಎಎಕ್ಸ್7 ಎಂದರೂ ಒಂದೇ, ಒಂದು ಯುರೋಪಿನ ಹೆಸರು, ಇನ್ನೊಂದು ಅಮೆರಿಕದ್ದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾಯಿತು, 1961ರಿಂದ ರೇಡಿಯೋ ವಾಲ್ವ್‌ಗಳನ್ನು (ಟ್ಯೂಬಿಗೆ ಇನ್ನೊಂದು ಹೆಸರು) ತಯಾರಿಸತೊಡಗಿತು. ಒಂದು ಕಾಲಕ್ಕೆ ನಮ್ಮ ಮನೆಗಳ ವಾಲ್ವ್ ರೇಡಿಯೋಗಳಲ್ಲಿ ಹಾಡಿದ್ದು ಇವೇ. ಜಾಲಹಳ್ಳಿಯಲ್ಲಿ ತಯಾರಾದ ಟ್ಯೂಬನ್ನು ಇವತ್ತು ಹೊರದೇಶದವರೂ ಹುಡುಕಿ ಕೊಳ್ಳುತ್ತಾರೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಅಂಗಡಿಯಲ್ಲಿ ಸಿಕ್ಕದ್ದು ಬಳಸದೆ ಡಬ್ಬಿಯಲ್ಲೇ ಉಳಿದದ್ದೋ, ಯಾವುದೋ ರೇಡಿಯೋದಿಂದ ಕಿತ್ತದ್ದೋ ಗೊತ್ತಾಗಬೇಕು. ಟ್ಯೂಬ್ ಟೆಸ್ಟರ್ ಇದ್ದವರ ಬಳಿ ಎರಡೂ ಅರ್ಧ ಅಳೆಸಿ. ಅಳೆಯಲು ಆಗದಿದ್ದರೆ ಕಡಿಮೆ ಬೆಲೆಗೆ ಕೊಡುವುದಾದರೆ ಮಾತ್ರ ತಗೊಳ್ಳಿ, ಮೊದಲು ಆಂಪ್ಲಿಫೈಯರಿನಲ್ಲಿ ಹಾಕಿ ಕೇಳಿ. ಸದ್ದಿಲ್ಲದ್ದು ಸಿಕ್ಕಿತೋ, ಅದಕ್ಕೆ ಫೋನೋದ ಮೊದಲ ಜಾಗ ಕೊಡಿ.

ಹಳೆಯ ಮುಲ್ಲಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಬಿಗಿಯಾದದ್ದು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ಟ್ಯೂಬ್‌ಗಳು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಈಗ ಮಾರಾಟಕ್ಕಿರುವ ಹೊಸ ‘ಮುಲ್ಲಾರ್ಡ್’ ಮಾತ್ರ ರಷ್ಯಾದ ಸರಾಟೊವ್ ನಗರದಲ್ಲಿ ತಯಾರಾಗುತ್ತದೆ. ಎಲೆಕ್ಟ್ರೋ ಹಾರ್ಮೋನಿಕ್ಸ್, ಸೋವ್‌ಟೆಕ್, ಟಂಗ್‌ಸಾಲ್, ಜೆನಲೆಕ್ಸ್ ಗೋಲ್ಡ್ ಲಯನ್ ಹೆಸರಿನವೂ ಅಲ್ಲಿಯವೇ. ಒಳರಚನೆಯಲ್ಲಿ ವ್ಯತ್ಯಾಸವಿದೆ, ಕೆಲವು ನಿಜಕ್ಕೂ ಒಳ್ಳೆಯವೂ ಹೌದು. ಹಳೆಯ ಇಂಗ್ಲಿಷ್ ಟ್ಯೂಬ್ ಎಂಬ ಭ್ರಮೆಯಲ್ಲಿ ಮಾತ್ರ ಕೊಳ್ಳಬೇಡಿ. 2022ರ ಮಾರ್ಚಿನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಜಗತ್ತಿನಾದ್ಯಂತ ಟ್ಯೂಬ್ ಬೆಲೆ ಜಿಗಿದದ್ದು ಕಾರ್ಖಾನೆಗಳು ಇಷ್ಟು ಕಡಿಮೆ ಇರುವುದರಿಂದಲೇ. ಸ್ಲೊವಾಕಿಯಾದ ಜೆಜೆ, ಚೀನಾದ ಕೆಲವು ತಯಾರಕರು, ಇವರನ್ನು ಬಿಟ್ಟರೆ ಹೆಚ್ಚು ಆಯ್ಕೆಯಿಲ್ಲ. ಅಸಲಿ ಹಳೆಯದನ್ನೇ ಹುಡುಕುವವರು ಗಾಜಿನ ಮೇಲಿನ ಅಚ್ಚು ನಂಬಬಾರದು, ಅದನ್ನು ಅಳಿಸಿ ಮತ್ತೆ ಒತ್ತುವವರು ಬೇಕಾದಷ್ಟಿದ್ದಾರೆ. ಒಳಗಿನ ಪ್ಲೇಟಿನ ಆಕಾರ, ಗೆಟರಿನ ಉಂಗುರ ಸುಳ್ಳು ಹೇಳುವುದಿಲ್ಲ. ಜರ್ಮನಿಯ ಟೆಲಿಫುಂಕನ್ ಟ್ಯೂಬಾದರೆ ತಳದಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ಅಚ್ಚಾದ ವಜ್ರಾಕೃತಿ ಕಾಣುತ್ತದೆ. ನಿಮ್ಮ ಅರವತ್ತು ಸಾವಿರದ ದೊಡ್ಡ ಪಾಲನ್ನು ಇದಕ್ಕೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಸಾಕೆಟ್ಟಿನಲ್ಲಿ ಕೂರುತ್ತದೆ ಎಂಬ ಕಾರಣಕ್ಕೆ ಬೇರೆ ನಂಬರಿನ ಟ್ಯೂಬ್ ಹಾಕುವ ಚಟದಿಂದ ದೂರವಿರಿ. 12ಎಎಕ್ಸ್7, 12ಎಟಿ7, 12ಎಯು7 ಮೂರಕ್ಕೂ ಪಿನ್ನುಗಳು ಒಂದೇ, ಆದರೆ ಅವುಗಳ ಹಿಗ್ಗಿಸುವ ಗುಣ ಕ್ರಮವಾಗಿ 100, 60, ಸುಮಾರು 20. ಅದಕ್ಕಿಂತ ಹೆಚ್ಚಾಗಿ, ಒಂದು ಮಿಲಿಆಂಪಿಯರಿನಲ್ಲಿ ದುಡಿಯುವಂತೆ ಸುತ್ತಲಿನ ರೆಸಿಸ್ಟರ್‌ಗಳನ್ನು ಲೆಕ್ಕ ಹಾಕಿ ಇಟ್ಟ ಜಾಗದಲ್ಲಿ ಹತ್ತು ಮಿಲಿಆಂಪಿಯರ್ ಬಯಸುವ ಟ್ಯೂಬ್ ತನ್ನ ಹದದಲ್ಲಿ ಹಾಡುವುದಿಲ್ಲ. 12ಎಎಕ್ಸ್7 ಜಾಗದಲ್ಲಿ ಗೇನ್, ಅಂದರೆ ಈ ಹಿಗ್ಗಿಸುವ ಗುಣ, ಸ್ವಲ್ಪ ತಗ್ಗಲಿ ಅನಿಸಿದರೆ 5751 ಹಾಕಿ ನೋಡಬಹುದು, ಅದರದು 70.

ಇದೇ ಮಾತು ಕೆಟಿ88ಗೂ ಸಲ್ಲುತ್ತದೆ. ಕೆಟಿ88 ದೊಡ್ಡ ಟ್ಯೂಬ್, ಪ್ಲೇಟ್ 42 ವ್ಯಾಟ್ ತಡೆಯುತ್ತದೆ, ನಿಜ. ಆದರೆ ಆಂಪ್ಲಿಫೈಯರ್ ಎಷ್ಟು ವ್ಯಾಟ್ ಕೊಡಬೇಕೆಂದು ನಿರ್ಧರಿಸುವುದು ಪ್ಲೇಟ್ ವೋಲ್ಟೇಜು ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅವೆರಡೂ ಅವೇ ಇದ್ದಾಗ 35 ವ್ಯಾಟ್ 50 ಆಗಿಬಿಡುವುದಿಲ್ಲ. ಹೀಟರ್ ಕರೆಂಟ್ ಒಂದಕ್ಕೆ 1.5 ಆಂಪಿಯರ್ ಇದ್ದದ್ದು 1.6 ಆಗುತ್ತದೆ, ನಾಲ್ಕಕ್ಕೆ 0.4 ಹೆಚ್ಚು. ಬಿಸಿಯಾಗಿಯೇ ಓಡುವ ಟ್ರಾನ್ಸ್‌ಫಾರ್ಮರಿಗೆ ಅದೂ ಭಾರವೇ. ನಿಜವಾದ ಅಪಾಯ ಬಯಾಸಿನಲ್ಲಿದೆ. ಕೆಟಿ88ನ ಗ್ರಿಡ್ (ಟ್ಯೂಬಿನ ಕರೆಂಟನ್ನು ಹತೋಟಿಯಲ್ಲಿಡುವ ಭಾಗ) ಇಎಲ್34ಗಿಂತ ಹೆಚ್ಚು ನೆಗೆಟಿವ್ ವೋಲ್ಟ್ ಕೇಳುತ್ತದೆ. ನಿಮ್ಮ ಟ್ರಿಮ್ ಪಾಟ್ ಅಲ್ಲಿಯವರೆಗೆ ಹೋಗದಿದ್ದರೆ ಹಾಕಿದ ಕೆಲವೇ ನಿಮಿಷದಲ್ಲಿ ಪ್ಲೇಟ್ ಕೆಂಪಗಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಕೆಟಿ88 ಹಾಕಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಆ ಕಡೆ ಯೋಚಿಸಿ. ಇಎಲ್34ನ ನಡುಸ್ಥಾಯಿ, ಗಾಯಕರ ಕಂಠ ಬರುವ ಆ ಭಾಗ, ನಿಮಗಿಷ್ಟವಾಗಿಯೇ ಈ ಆಂಪ್ಲಿಫೈಯರ್ ಕೊಂಡಿರುತ್ತೀರಿ. ಅದನ್ನೇ ಇಟ್ಟುಕೊಳ್ಳಿ.

ಕೆಪಾಸಿಟರ್‌ಗಳಲ್ಲಿ ಎರಡು ಬಗೆ. ಪವರ್ ಸಪ್ಲೈಯ ಎಲೆಕ್ಟ್ರೊಲಿಟಿಕ್‌ಗಳಿಗೆ ಶತ್ರು ಬಿಸಿ. ಉಷ್ಣತೆ 10 ಡಿಗ್ರಿ ಇಳಿದರೆ ಆಯುಸ್ಸು ಅಂದಾಜು ಎರಡು ಪಟ್ಟಾಗುತ್ತದೆ. 85 ಡಿಗ್ರಿಯವು ಹಾಕಿದ್ದು ತಲೆ ಉಬ್ಬಿದ್ದರೆ 105 ಡಿಗ್ರಿಯ, 500 ವೋಲ್ಟಿನವು ಹಾಕಿಸಿ. ಉಬ್ಬಿಲ್ಲದಿದ್ದರೆ, ಹಮ್ ಅವುಗಳದಲ್ಲವೆಂದು ಗೊತ್ತಾದರೆ, ಮುಟ್ಟಬೇಡಿ. ಇನ್ನೊಂದು ಬಗೆ ಕಪ್ಲಿಂಗ್ ಕೆಪಾಸಿಟರ್, ಹಿಂದಿನ ಹಂತದ ಡಿಸಿಯನ್ನು ತಡೆದು ಸಂಗೀತವನ್ನಷ್ಟೇ ಇಎಲ್34ನ ಗ್ರಿಡ್ಡಿಗೆ ಬಿಡುವುದು. ಇದು ಸೋರತೊಡಗಿದರೆ ಗ್ರಿಡ್ಡಿನ ನೆಗೆಟಿವ್ ವೋಲ್ಟೇಜ್ ಕುಗ್ಗುತ್ತದೆ, ಎಷ್ಟು ಹೊಸ ಟ್ಯೂಬ್ ಹಾಕಿದರೂ ಸುಡುತ್ತದೆ. ಹೊಸ ಸೆಟ್ ಹಾಕುವ ಮುನ್ನ ಟೆಕ್ನಿಷಿಯನ್‌ಗೆ ನಾಲ್ಕೂ ಇಎಲ್34ನ ಐದನೇ ಪಿನ್ನಿನ, ಅಂದರೆ ಗ್ರಿಡ್ಡಿನ, ವೋಲ್ಟೇಜ್ ಹೋಲಿಸಿ ನೋಡಲು ಹೇಳಿ. ಮೂರು ಕಡೆ ಮೈನಸ್ 38 ಇದ್ದು ಒಂದು ಕಡೆ ಮೈನಸ್ 30 ಇದ್ದು, ಟ್ರಿಮ್ ಪಾಟಿನ ಬಳಿ ಮಾತ್ರ ನಾಲ್ಕೂ ಸರಿಯಾಗಿದ್ದರೆ, ಕಪ್ಲಿಂಗ್ ಸೋರುತ್ತಿದೆ. ಬದಲಿಗೆ 630 ವೋಲ್ಟಿನ ಒಳ್ಳೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಸಾಕು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಮೌಲ್ಯ ಮೊದಲಿದ್ದದ್ದೇ ಇರಲಿ. ತಾಮ್ರದ ಹಾಳೆ, ಎಣ್ಣೆ ಕಾಗದ ಎಂದು ಬಣ್ಣಿಸಿ ಮಾರುವ ದುಬಾರಿ ಮಾಲು ನಿಮ್ಮ ಸದ್ಯದ ಅಗತ್ಯವಲ್ಲ.

ವೋಲ್ಟೇಜಿನ ವ್ಯವಸ್ಥೆ, ಮ್ಯಾಚ್ ಆದ ಇಎಲ್34 ಸೆಟ್, ಫೋನೋಗೆ ಒಂದು ಆರಿಸಿದ 12ಎಎಕ್ಸ್7, ಟೆಕ್ನಿಷಿಯನ್ ಕೂಲಿ, ಇಷ್ಟೂ ಸೇರಿ ನಿಮ್ಮ ಹಣ ಮುಗಿಯುವುದಿಲ್ಲ. ಉಳಿದದ್ದನ್ನು ಸ್ಪೀಕರಿಗೆ ತೆಗೆದಿಡಿ. 86 ಡೆಸಿಬಲ್ ಸ್ಪೀಕರಿಗೆ 35 ಟ್ಯೂಬ್ ವ್ಯಾಟ್ ಬಿಗಿಯೇ. 91 ಡೆಸಿಬಲ್‌ನದು ಬಂದರೆ ಆ 35 ವ್ಯಾಟ್ ಈಗಿನ ಸ್ಪೀಕರಿಗೆ 110 ವ್ಯಾಟ್ ಕೊಟ್ಟಷ್ಟು ಕೆಲಸ ಮಾಡುತ್ತದೆ. ಯಾವ ಟ್ಯೂಬ್ ಬದಲಾವಣೆಯೂ ಇಷ್ಟು ದೂರ ಕರೆದೊಯ್ಯದು.

ಅಲ್ಲಿಯವರೆಗೆ ಪುಕ್ಕಟೆ ಆಗುವ ಎರಡು ಕೆಲಸ ಮಾಡಿ. ಸ್ಪೀಕರ್ ತಂತಿಯನ್ನು ಆಂಪ್ಲಿಫೈಯರಿನ 8 ಓಮ್ ಟ್ಯಾಪಿನಿಂದ (ತಂತಿ ಜೋಡಿಸುವ ತಿರುಪಿನಿಂದ) 4 ಓಮಿಗೆ ಬದಲಿಸಿ ಕೆಲವು ದಿನ ಕೇಳಿ, ಆಂಪ್ಲಿಫೈಯರ್ ಆಫ್ ಮಾಡಿ ಬದಲಿಸಬೇಕು. 8 ಓಮ್ ಎಂದು ಬರೆದ ಎಷ್ಟೋ ಸ್ಪೀಕರ್‌ಗಳು ಕೆಳಸ್ಥಾಯಿಯಲ್ಲಿ 4ರ ಹತ್ತಿರ ಇಳಿಯುತ್ತವೆ, ಅವುಗಳಿಗೆ 4 ಓಮ್ ಟ್ಯಾಪಿನಲ್ಲಿ ಹಿಡಿತ ಸಿಗುತ್ತದೆ. ಎರಡನೆಯದು, ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಯಾದರೆ ಸ್ಪೀಕರಿಗೂ ನಿಮಗೂ ನಡುವೆ ದಪ್ಪ ಜಮಖಾನ ಹಾಸಿ.

ಹೊಸ ಸ್ಪೀಕರ್ ನೋಡುವಾಗ ಸೆನ್ಸಿಟಿವಿಟಿಯ ಅಂಕಿಯೊಂದನ್ನೇ ನೋಡಬೇಡಿ, ಅದರ ಕನಿಷ್ಠ ಇಂಪೆಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಎಷ್ಟು ಎಂದೂ ಕೇಳಿ. 5 ಓಮಿಗಿಂತ ಕೆಳಗಿಳಿಯದ್ದು ನಿಮ್ಮ ಆಂಪ್ಲಿಫೈಯರಿಗೆ ಹಿತ. ಅಂಗಡಿಯವರು 200 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಕೇಳಿಸುತ್ತಾರೆ. ಅದೇ ಸ್ಪೀಕರ್ ಟ್ಯೂಬಿಗೆ ಜೋಡಿಸಿದಾಗ ಬೇರೆಯೇ ರೀತಿ ಹಾಡಬಹುದು, ಏಕೆಂದರೆ ಟ್ಯೂಬ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೆಡೆನ್ಸ್ ಹೆಚ್ಚು, ಸ್ಪೀಕರಿನ ಇಂಪೆಡೆನ್ಸ್ ಏರಿಳಿದಂತೆ ಧ್ವನಿಯ ತೂಕವೂ ಏರಿಳಿಯುತ್ತದೆ. ಆದ್ದರಿಂದ ಸರಿಪಡಿಸಿದ ನಿಮ್ಮ ಆಂಪ್ಲಿಫೈಯರನ್ನೇ ಅಲ್ಲಿಗೆ ಒಯ್ದು, ನಿಮ್ಮವೇ ಎರಡು ಎಲ್‌ಪಿ ಹಾಕಿಸಿ ಕೇಳಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.